ಊರು ಸಿಕ್ಕರೆ ಸಾಲದು, ಮನೆ ಸಿಗಬೇಕು!

ಮೊಬೈಲ್ ಪರದೆಯ ನಡುವೆ ಪುಟ್ಟ ಚಕ್ರವೊಂದು ತಿರುಗತೊಡಗುತ್ತದೆ. ಕ್ರಿಕೆಟ್ ಪಂದ್ಯವಿರಲಿ, ಯಕ್ಷಗಾನದ ನೇರ ಪ್ರಸಾರವಿರಲಿ, ಮಕ್ಕಳ ಪಾಠವಿರಲಿ, ಆ ಚಕ್ರ ನಿಂತು ಚಿತ್ರ ಮೂಡುವವರೆಗೆ ನಮಗೆ ಸಮಾಧಾನವಿಲ್ಲ. ತಡವಾದರೆ ಮೊದಲ ಬೈಗುಳ ಟವರಿಗೆ, ಎರಡನೆಯದು ಕಂಪನಿಗೆ. ಆದರೆ ಆ ಕೆಲವು ಕ್ಷಣಗಳಲ್ಲಿ ನಿಜವಾಗಿ ನಡೆಯುವುದೇನು? ಎಷ್ಟೋ ಸಲ ಚಿತ್ರ ಇನ್ನೂ ಹೊರಟೇ ಇರುವುದಿಲ್ಲ. ಚಿತ್ರ ಕೊಡಬೇಕಾದ ಯಂತ್ರ ಯಾವುದು, ಅದು ಎಲ್ಲಿದೆ ಎಂಬ ಹುಡುಕಾಟವೇ ನಡೆದಿರುತ್ತದೆ. ಕೇಳಿದವರಿಗೆ ಚಿತ್ರ, ಧ್ವನಿಗಳನ್ನು ಒದಗಿಸುವ ಇಂಥ ಯಂತ್ರಕ್ಕೆ ಸರ್ವರ್ ಎಂದು ಹೆಸರು.

ಒಂದೇ ಒಂದು ಸರ್ವರ್ ಇದ್ದಿದ್ದರೆ ಹುಡುಕಾಟದ ಪ್ರಶ್ನೆಯೇ ಇರಲಿಲ್ಲ. ಆದರೆ ಕೋಟಿಗಟ್ಟಲೆ ಜನ ನೋಡುವ ಪ್ರಸಾರವನ್ನು ಒಂದು ಯಂತ್ರ ಹೊರಲಾರದು. ಆದ್ದರಿಂದ ಕೆಲಸವನ್ನು ನಗರ ನಗರಗಳಲ್ಲಿರುವ ಸಾವಿರಾರು ಯಂತ್ರಗಳಿಗೆ ಹಂಚಿರುತ್ತಾರೆ. ಒಂದು ಯಂತ್ರ ನಿಮ್ಮ ಚಂದಾ ಲೆಕ್ಕ ನೋಡುತ್ತದೆ, ಇನ್ನೊಂದು ಕನ್ನಡ ವೀಕ್ಷಕ ವಿವರಣೆ ಬೇಕೋ ಹಿಂದಿ ಬೇಕೋ ಎಂಬುದನ್ನು ನೋಡುತ್ತದೆ, ಮತ್ತೊಂದು ಚಿತ್ರದ ತುಣುಕುಗಳನ್ನು ಕಳಿಸುತ್ತದೆ. ಇದಕ್ಕೆ ಹಂಚಿಕೆಯ ವ್ಯವಸ್ಥೆ ಎನ್ನೋಣ. ಇಂಥ ವ್ಯವಸ್ಥೆಯ ಅತಿ ಕಠಿಣ ಪ್ರಶ್ನೆಯೇ ‘ಎಲ್ಲಿ?’ ಎಂಬ ಎರಡಕ್ಷರ.

ಅಂಗಡಿಯವರ ಬಾಯಿಲೆಕ್ಕ

ಯಲ್ಲಾಪುರ ತಾಲ್ಲೂಕಿನ ನಮ್ಮ ಉಮ್ಮಚಗಿಯ ಕಡೆ ಮನೆಗಳು ಸಾಲಾಗಿ ಇರುವುದಿಲ್ಲ. ಗುಡ್ಡಕ್ಕೊಂದು, ತೋಟದ ತಲೆಗೊಂದು. ಹೊಸಬರು ಬಂದರೆ ಮೊದಲು ವಿಚಾರಿಸುವುದು ಕ್ರಾಸಿನ ಅಂಗಡಿಯಲ್ಲಿ.

‘ಗಣಪತಿ ಹೆಗಡೆಯವರ ಮನೆ ಎಲ್ಲಿ ಬರ್ತದೆ?’

‘ಯಾವ ಗಣಪತಿ ಹೆಗಡೇರು? ಈ ಸುತ್ತಿನಲ್ಲಿ ಐದಾರು ಜನ ಇದ್ದಾರಲ್ಲ!’

ಹೆಸರೊಂದೇ ಸಾಲದು, ಗುರುತೂ ಬೇಕು. ಗುರುತು ಹೇಳಿದ ಮೇಲೆ ಅಂಗಡಿಯವರು ದಾರಿ ತೋರಿಸುತ್ತಾರೆ. ಅನುಭವಸ್ಥರಾದರೆ ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ‘ಅವರು ಬೆಳಿಗ್ಗೆಯೇ ಶಿರಸಿಗೆ ಹೋದರು, ಈಗ ಹೋದರೆ ಸಿಗಲಿಕ್ಕಿಲ್ಲ.’ ಮನೆ ಇದೆ, ದಾರಿಯೂ ಸರಿ, ಆದರೆ ಮನೆಯಲ್ಲಿ ಜನವಿಲ್ಲ. ಕಂಪ್ಯೂಟರ್ ವಿಜ್ಞಾನಿಗಳು ನಲವತ್ತು ವರ್ಷಗಳಿಂದ ಬಿಡಿಸುತ್ತ ಬಂದಿರುವ ಸಮಸ್ಯೆ ಬಹುಪಾಲು ಇದೇ. ಕೇಳಿದ್ದು ಯಾರನ್ನು? ಅವರು ಎಲ್ಲಿದ್ದಾರೆ? ಈಗ ಸಿಗುತ್ತಾರೆಯೇ? ಹೇಳುವವರ ಮಾತು ನಂಬಬಹುದೇ?

ದೂರದ ಯಂತ್ರಕ್ಕೆ ಕೆಲಸ ಹೇಳುವುದು

ಒಂದು ಯಂತ್ರ ಇನ್ನೊಂದು ಯಂತ್ರಕ್ಕೆ ‘ಈ ಕೆಲಸ ಮಾಡಿಕೊಡು’ ಎಂದು ಹೇಳಿ ಉತ್ತರ ಪಡೆಯುವ ಕ್ರಮಕ್ಕೆ ರಿಮೋಟ್ ಪ್ರೊಸೀಜರ್ ಕಾಲ್ ಎಂಬ ಹೆಸರಿದೆ. ದೂರಕರೆ ಎಂದು ಕರೆಯಬಹುದು. ಪ್ರೋಗ್ರಾಮು ಬರೆಯುವವನಿಗೆ ತನ್ನದೇ ಯಂತ್ರದಲ್ಲಿ ಲೆಕ್ಕ ಮಾಡಿಸಿದಂತೆಯೇ ಅನ್ನಿಸಬೇಕು. ಆದರೆ ಲೆಕ್ಕ ನಡೆಯುವುದು ನೂರಾರು ಕಿಲೋಮೀಟರ್ ಆಚೆ. ಬ್ರೂಸ್ ನೆಲ್ಸನ್ ಎಂಬಾತ 1981ರಲ್ಲಿ ತನ್ನ ಡಾಕ್ಟರೇಟ್ ಪ್ರಬಂಧವನ್ನು ಬರೆದದ್ದು ಈ ವಿಷಯದ ಮೇಲೆಯೇ. 1984ರಲ್ಲಿ ಆಂಡ್ರ್ಯೂ ಬಿರೆಲ್ ಮತ್ತು ನೆಲ್ಸನ್ ಇಬ್ಬರೂ ಸೇರಿ, ಅಮೆರಿಕದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಸಂಶೋಧನಾಲಯದಲ್ಲಿ ತಾವು ಕಟ್ಟಿದ ದೂರಕರೆ ವ್ಯವಸ್ಥೆಯ ವಿವರಗಳನ್ನು ಪ್ರಕಟಿಸಿದರು.

ಆ ಪ್ರಬಂಧದಲ್ಲಿಯೇ ‘ಎಲ್ಲಿ?’ ಎಂಬ ಪ್ರಶ್ನೆಗೆ ಉತ್ತರವಿತ್ತು. ಸೇವೆ ಕೊಡುವ ಯಂತ್ರ ಮೊದಲು ತನ್ನ ಹೆಸರು, ವಿಳಾಸಗಳನ್ನು ಒಂದು ಸಾಮಾನ್ಯ ದಫ್ತರದಲ್ಲಿ ನೋಂದಾಯಿಸಬೇಕು. ಸೇವೆ ಬೇಕಾದ ಯಂತ್ರ ಆ ದಫ್ತರವನ್ನು ಕೇಳಿ, ವಿಳಾಸ ಪಡೆದು, ನೇರವಾಗಿ ಕರೆ ಮಾಡಬೇಕು. ಆ ದಫ್ತರದ ಹೆಸರು ಗ್ರೇಪ್‌ವೈನ್, ಅಂದರೆ ದ್ರಾಕ್ಷಿ ಬಳ್ಳಿ. ಬಾಯಿಂದ ಬಾಯಿಗೆ ಹರಡುವ ಸುದ್ದಿಗೆ ಇಂಗ್ಲಿಷಿನವರು ಹೇಳುವ ಮಾತು ಅದು. ನಮ್ಮ ಕ್ರಾಸಿನ ಅಂಗಡಿಯೇ ಅಲ್ಲವೇ!

ದೂರಕರೆಗೆ ಒಂದು ಹುಟ್ಟುಗುಣವಿದೆ. ಉತ್ತರ ಬಾರದಿದ್ದರೆ ಏನಾಯಿತೆಂದು ಕರೆದವನಿಗೆ ಗೊತ್ತಾಗುವುದಿಲ್ಲ. ಪ್ರಶ್ನೆಯೇ ತಲುಪಲಿಲ್ಲವೋ, ಕೆಲಸ ಮುಗಿದು ಉತ್ತರ ದಾರಿಯಲ್ಲಿ ಕಳೆಯಿತೋ, ಆ ಯಂತ್ರ ಸತ್ತೇ ಹೋಯಿತೋ, ಮೂರೂ ಈ ಕಡೆಯಿಂದ ಒಂದೇ ರೀತಿ ಕಾಣುತ್ತವೆ. ‘ಸರ್ವರ್ ಎಲ್ಲಿದೆ?’ ಎಂದು ಎರಡು ಸಲ ಕೇಳಿದರೆ ನಷ್ಟವಿಲ್ಲ. ‘ನನ್ನ ಖಾತೆಯಿಂದ ಚಂದಾ ಹಣ ತೆಗೆದುಕೋ’ ಎಂದು ಎರಡು ಸಲ ಹೇಳಿದರೆ ಎರಡು ಸಲ ಹಣ ಹೋದೀತು. ಆದ್ದರಿಂದಲೇ ಹಣದ ಕರೆಗಳಿಗೆ ಒಂದೊಂದು ಕ್ರಮಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಕೆಲಸವನ್ನು ಮತ್ತೆ ಮಾಡದೆ ಹಳೆಯ ಉತ್ತರವನ್ನೇ ಹಿಂದಿರುಗಿಸುವ ಏರ್ಪಾಡು ಮಾಡುತ್ತಾರೆ.

ಪುಸ್ತಕ ಯಾರ ಕೈಯಲ್ಲಿ?

ವಿಳಾಸದ ಪುಸ್ತಕ ಹಿಡಿದವನ ಕೈಯಲ್ಲಿ ಎಷ್ಟು ಅಧಿಕಾರವಿರುತ್ತದೆ ಎಂಬುದನ್ನು ಟೆಲಿಫೋನಿನ ಇತಿಹಾಸವೂ ಹೇಳುತ್ತದೆ. ಹಿಂದೆ ಟೆಲಿಫೋನ್ ಎತ್ತಿದರೆ ಎಕ್ಸ್‌ಚೇಂಜಿನ ಆಪರೇಟರ್ ಮಾತನಾಡುತ್ತಿದ್ದರು. ಯಾರು ಬೇಕೆಂದು ಹೇಳಿದರೆ ಅವರು ತಂತಿ ಜೋಡಿಸುತ್ತಿದ್ದರು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬ ಶವಸಂಸ್ಕಾರದ ವ್ಯಾಪಾರಿಯಿದ್ದ. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ಎದುರಾಳಿ ವ್ಯಾಪಾರಿಗೆ ಜೋಡಿಸುತ್ತಾಳೆ ಎಂಬ ಗುಮಾನಿಯಿಂದ ಆತ ಆಪರೇಟರೇ ಬೇಡದ ಸ್ವಯಂಚಾಲಿತ ಎಕ್ಸ್‌ಚೇಂಜ್ ಕಂಡುಹಿಡಿದನೆಂದು ಕತೆ ಹೇಳುತ್ತಾರೆ. ಕತೆ ಎಷ್ಟು ನಿಜವೋ, 1891ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿದ್ದಂತೂ ನಿಜ.

ಹಳ್ಳಿಗೆ ಹೊಂದುವ ಸ್ವಯಂಚಾಲಿತ ಎಕ್ಸ್‌ಚೇಂಜಿನ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಒಂದು ಪುಟವಿದೆ. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಾಗಿಯೇ ರೂಪಿಸಿದ, ಹವಾನಿಯಂತ್ರಣ ಕೇಳದ 128 ಪೋರ್ಟುಗಳ ಎಕ್ಸ್‌ಚೇಂಜನ್ನು 1986ರಲ್ಲಿ ಮೊದಲು ಅಳವಡಿಸಿದ್ದು ಧಾರವಾಡ–ಬೆಳಗಾವಿ ಹೆದ್ದಾರಿಯ ಕಿತ್ತೂರಿನಲ್ಲಿ. ‘ಯಾರು ಬೇಕು?’ ಎಂದು ಕೇಳುವ ಮನುಷ್ಯನ ಜಾಗಕ್ಕೆ ಸಂಖ್ಯೆಯನ್ನು ಓದಿ ದಾರಿ ಹುಡುಕುವ ಯಂತ್ರ ಬಂತು.

ಕಂಪ್ಯೂಟರ್ ಜಾಲದಲ್ಲೂ ಇದೇ ಕತೆ. ಅಂತರಜಾಲದ ಪೂರ್ವಜನಾದ ಅರ್ಪಾನೆಟ್‌ನಲ್ಲಿ ಎಲ್ಲ ಯಂತ್ರಗಳ ಹೆಸರು, ವಿಳಾಸಗಳ ಒಂದೇ ಪಟ್ಟಿಯಿತ್ತು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೀನ್ಲರ್ ಅವರ ತಂಡ ಅದನ್ನು ಕಾಪಾಡುತ್ತಿತ್ತು. ಹೊಸ ಯಂತ್ರ ಸೇರಿಸಬೇಕಾದರೆ ಆ ಕಚೇರಿಗೆ ತಿಳಿಸಬೇಕು. ಬದಲಾದ ಪಟ್ಟಿಯನ್ನು ಎಲ್ಲರೂ ಮತ್ತೆ ಇಳಿಸಿಕೊಳ್ಳಬೇಕು. ಜಾಲ ಬೆಳೆದಂತೆ ಇದು ಅಸಾಧ್ಯವಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡೊಮೈನ್ ನೇಮ್ ಸಿಸ್ಟಂ, ಅಂದರೆ ಡಿಎನ್ಎಸ್ ಎಂಬ ಹೊಸ ಕ್ರಮವನ್ನು ರೂಪಿಸಿದರು. ಅದರಲ್ಲಿ ಇಡೀ ಪುಸ್ತಕ ಯಾರೊಬ್ಬರ ಬಳಿಯೂ ಇಲ್ಲ. ಜಿಲ್ಲೆ ಕೇಳಿದರೆ ತಾಲ್ಲೂಕು ತೋರಿಸುತ್ತದೆ, ತಾಲ್ಲೂಕು ಕೇಳಿದರೆ ಊರು, ಊರು ಕೇಳಿದರೆ ಮನೆ. ಪ್ರತಿ ಉತ್ತರಕ್ಕೂ ಒಂದು ಗಡುವು ಇರುತ್ತದೆ: ‘ಈ ವಿಳಾಸ ಇಷ್ಟು ಸೆಕೆಂಡು ಸರಿ, ಆಮೇಲೆ ಮತ್ತೆ ಕೇಳು.’ ನೀವು ಫೋನಿನಲ್ಲಿ ಪ್ರಸಾರವೊಂದನ್ನು ಒತ್ತಿದ ಕೂಡಲೇ ಹೊರಡುವ ಮೊದಲ ಪ್ರಶ್ನೆ ಈ ಡಿಎನ್ಎಸ್‌ಗೆ.

ಹತ್ತಿರದ ಸರ್ವರೇ ಏಕೆ ಬೇಕು?

ಸ್ವಲ್ಪ ಲೆಕ್ಕ ಮಾಡೋಣ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ 500 ಕಿಲೋಮೀಟರ್ ದೂರದಲ್ಲಿದ್ದರೆ ಪ್ರಶ್ನೆ ಹೋಗಿ ಉತ್ತರ ಬರಲು 5 ಮಿಲಿಸೆಕೆಂಡು ಸಾಕು. ಅದೇ ಸರ್ವರ್ 14,000 ಕಿಲೋಮೀಟರ್ ದೂರದ ಅಮೆರಿಕದಲ್ಲಿದ್ದರೆ 140 ಮಿಲಿಸೆಕೆಂಡು ಬೇಕು. ಚಿತ್ರ ಮೂಡುವ ಮೊದಲು ಇಂಥ ಐದು ಪ್ರಶ್ನೋತ್ತರ ನಡೆದರೆ ಬರೀ ಓಡಾಟಕ್ಕೇ ಮುಕ್ಕಾಲು ಸೆಕೆಂಡಿನಷ್ಟು ಹೋಯಿತು. ಯಾವ ಇಂಜಿನಿಯರನೂ ಬೆಳಕಿನ ವೇಗವನ್ನು ಹೆಚ್ಚಿಸಲಾರ. ಉಳಿದಿರುವ ಒಂದೇ ಉಪಾಯವೆಂದರೆ ಸರ್ವರನ್ನೇ ಹತ್ತಿರ ತರುವುದು.

ಈ ಉಪಾಯಕ್ಕೆ ಗಣಿತದ ತಳಪಾಯ ಹಾಕಿದ್ದು ಅಮೆರಿಕದ ಎಂಐಟಿಯ ಟಾಮ್ ಲೇಟನ್, ಅವರ ಶಿಷ್ಯ ಡ್ಯಾನಿಯಲ್ ಲೆವಿನ್ ಮತ್ತು ಸಂಗಡಿಗರು. ಒಂದು ಕಡತ ಯಾವ ಯಂತ್ರದಲ್ಲಿದೆ ಎಂಬುದನ್ನು ಕೇಂದ್ರದ ಪುಸ್ತಕ ನೋಡದೆ ಲೆಕ್ಕದಿಂದಲೇ ಕಂಡುಕೊಳ್ಳುವ ವಿಧಾನವನ್ನು ಅವರು 1997ರಲ್ಲಿ ಪ್ರಕಟಿಸಿದರು. ಅದರ ಸೊಗಸು ಹೀಗಿದೆ: ಒಂದು ಯಂತ್ರ ಕೆಟ್ಟರೆ ಅದರ ಪಾಲಿನ ಕಡತಗಳು ಮಾತ್ರ ಬೇರೆಡೆ ಹೋಗುತ್ತವೆ, ಉಳಿದವುಗಳ ಜಾಗ ಕದಲುವುದಿಲ್ಲ. 1998ರಲ್ಲಿ ಅವರು ಅಕಮೈ ಕಂಪನಿ ಸ್ಥಾಪಿಸಿದರು. ಲೆವಿನ್ 2001ರ ಸೆಪ್ಟೆಂಬರ್ 11ರಂದು ಅಪಹರಣಕ್ಕೊಳಗಾದ ವಿಮಾನವೊಂದರಲ್ಲಿದ್ದು ಅಸುನೀಗಿದರು; ಆಗ ಅವರಿಗೆ 31 ವರ್ಷ.

ಈಗ ಚಿತ್ರಗಳ ಪ್ರತಿಗಳನ್ನು ಇಂಟರ್‌ನೆಟ್ ಒದಗಿಸುವವರ ಎಕ್ಸ್‌ಚೇಂಜುಗಳಲ್ಲೇ ಇಡುವ ಪದ್ಧತಿ ಬಂದಿದೆ. ನೆಟ್‌ಫ್ಲಿಕ್ಸ್ ಕಂಪನಿ 2012ರಲ್ಲಿ ಇಂಥ ಪೆಟ್ಟಿಗೆಗಳ ಯೋಜನೆಯನ್ನು ಪ್ರಕಟಿಸಿತು. ಜನ ಮಲಗಿದ ಹೊತ್ತಿನಲ್ಲಿ ಈ ಪೆಟ್ಟಿಗೆಗಳು ಹೊಸ ಚಿತ್ರಗಳನ್ನು ತುಂಬಿಕೊಳ್ಳುತ್ತವೆ. ತನ್ನಲ್ಲಿ ಏನೇನಿದೆ, ಆರೋಗ್ಯ ಹೇಗಿದೆ, ತಾನು ಯಾರನ್ನು ತಲುಪಬಲ್ಲೆ ಎಂಬುದನ್ನು ಪ್ರತಿ ಪೆಟ್ಟಿಗೆಯೂ ಕೇಂದ್ರಕ್ಕೆ ವರದಿ ಮಾಡುತ್ತಿರುತ್ತದೆ. ನೀವು ಚಿತ್ರ ಕೇಳಿದಾಗ ಕೇಂದ್ರವು ಚಿತ್ರವನ್ನು ಕಳಿಸುವುದಿಲ್ಲ. ಹತ್ತಿರದ ಕೆಲವು ಪೆಟ್ಟಿಗೆಗಳ ವಿಳಾಸಗಳನ್ನು ಯೋಗ್ಯತೆಯ ಕ್ರಮದಲ್ಲಿ ಬರೆದುಕೊಡುತ್ತದೆ. ಮೊದಲನೆಯದು ಸಿಗದಿದ್ದರೆ ಫೋನು ಎರಡನೆಯದಕ್ಕೆ ಹೋಗುತ್ತದೆ.

ಬದುಕಿದ್ದೇನೆ ಎಂದು ಹೇಳುತ್ತಿರಬೇಕು

ವಿಳಾಸ ಸರಿಯಿದ್ದೂ ಯಂತ್ರ ಸತ್ತಿದ್ದರೆ? ಇದಕ್ಕೆಂದೇ ನಾಡಿಮಿಡಿತದ ಪದ್ಧತಿ ಇದೆ. ನೆಟ್‌ಫ್ಲಿಕ್ಸ್‌ನವರೇ ತಮ್ಮ ಒಳಗಿನ ಸೇವೆಗಳಿಗಾಗಿ ಬರೆದು 2012ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟ ದಫ್ತರವೊಂದಿದೆ. ಹೆಸರು ಯುರೇಕಾ! ಆರ್ಕಿಮಿಡೀಸ್ ಸ್ನಾನದ ತೊಟ್ಟಿಯಿಂದೆದ್ದು ‘ಸಿಕ್ಕಿತು!’ ಎಂದು ಕೂಗಿದನಲ್ಲ, ಅದೇ ಮಾತು. ಅದರ ಸಾಮಾನ್ಯ ನಿಯಮದಂತೆ ಪ್ರತಿ ಯಂತ್ರವೂ 30 ಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂದು ಹೇಳಬೇಕು. 90 ಸೆಕೆಂಡು ಸುದ್ದಿಯಿಲ್ಲದಿದ್ದರೆ ಹೆಸರು ಹೊಡೆದುಹಾಕಬಹುದು.

ಇಲ್ಲೊಂದು ಜಾಣತನ ಗಮನಿಸಿ. ಬರಬೇಕಾದ ಸುದ್ದಿಗಳಲ್ಲಿ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ಒಮ್ಮೆಲೇ ನಿಂತರೆ ಯುರೇಕಾ ಹೆಸರುಗಳನ್ನು ಹೊಡೆಯುವುದನ್ನೇ ನಿಲ್ಲಿಸುತ್ತದೆ. ‘ಇಷ್ಟೊಂದು ಯಂತ್ರಗಳು ಒಟ್ಟಿಗೆ ಸಾಯಲಿಕ್ಕಿಲ್ಲ, ನನ್ನ ಕಿವಿಯೇ ಮಂದವಾಗಿರಬೇಕು’ ಎಂಬ ತರ್ಕ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದಾಗ ಇಡೀ ಸೀಮೆಯ ಫೋನುಗಳು ಸುಮ್ಮನಾಗುತ್ತವೆ. ಊರವರಿಗೆಲ್ಲ ಏನೋ ಆಯಿತೆಂದು ಯಾರಾದರೂ ತಿಳಿಯುತ್ತಾರೆಯೇ?

ಕರೆಂಟು ಬಂದಾಗ

ಇನ್ನು ನೂಕುನುಗ್ಗಲಿನ ಸಂಗತಿ. 2019ರ ವಿಶ್ವಕಪ್ ಸೆಮಿಫೈನಲಿನಲ್ಲಿ ಭಾರತ–ನ್ಯೂಜಿಲೆಂಡ್ ಪಂದ್ಯವನ್ನು ಆಗಿನ ಹಾಟ್‌ಸ್ಟಾರ್‌ನಲ್ಲಿ ಒಂದೇ ಕ್ಷಣದಲ್ಲಿ 2.53 ಕೋಟಿ ಜನ ನೋಡುತ್ತಿದ್ದರು. 2023ರ ನವೆಂಬರ್ 19ರ ವಿಶ್ವಕಪ್ ಫೈನಲಿನಲ್ಲಿ ಆ ಸಂಖ್ಯೆ 5.9 ಕೋಟಿ ಮುಟ್ಟಿತು. ಅಷ್ಟು ಜನಕ್ಕೆ ಚಿತ್ರ ಕಳಿಸುವುದು ಕಷ್ಟವೇ ಸರಿ. ಆದರೆ ಆ ಸೆಮಿಫೈನಲಿನಲ್ಲಿ ಧೋನಿ ರನೌಟ್ ಆದಾಗ ಎದುರಾದದ್ದು ಬೇರೆ ಬಗೆಯ ಪರೀಕ್ಷೆ. ನಿರಾಶರಾದ ಜನ ಒಟ್ಟಿಗೇ ಪಂದ್ಯ ಬಿಟ್ಟು ಹಿಂದಿನ ಗುಂಡಿ ಒತ್ತಿದರು. ಎಲ್ಲರೂ ಬಂದು ಬಿದ್ದದ್ದು ಮುಖಪುಟಕ್ಕೆ! ನೋಡುತ್ತಿರುವ ಪಂದ್ಯಕ್ಕೆ ಸಿದ್ಧ ತುಣುಕುಗಳು ಸಾಕು. ಮುಖಪುಟಕ್ಕಾದರೋ, ಇವರು ಯಾರು, ಯಾವ ಭಾಷೆ, ಮೊದಲು ಏನು ನೋಡಿದ್ದರು ಎಂದು ಒಳಗಿನ ಹತ್ತಾರು ಯಂತ್ರಗಳಿಗೆ ದೂರಕರೆ ಹೋಗಬೇಕು. ನೋಡುವವರು ಕಡಿಮೆಯಾಗುವಾಗಲೇ ಒಳಗಿನ ಕೆಲಸ ಏರುತ್ತದೆ.

ಇಂಥ ಹೊತ್ತಿನಲ್ಲಿ ಉತ್ತರ ಸಿಗದ ಫೋನುಗಳು ತಕ್ಷಣ ಮತ್ತೆ ಮತ್ತೆ ಕೇಳತೊಡಗಿದರೆ ಕತೆ ಮುಗಿಯಿತು. ತೋಟಕ್ಕೆ ನೀರು ಬಿಡುವ ಬೇಸಗೆಯಲ್ಲಿ ಕರೆಂಟು ಬಂದ ಮರುಕ್ಷಣ ಎಲ್ಲರೂ ಪಂಪು ಹಾಕಿದರೆ ಟ್ರಾನ್ಸ್‌ಫಾರ್ಮರಿನ ಫ್ಯೂಜು ಮತ್ತೆ ಹಾರುತ್ತದೆ. ಒಬ್ಬರು ಈಗ, ಇನ್ನೊಬ್ಬರು ಎರಡು ನಿಮಿಷ ತಡೆದು ಹಾಕಿದರೆ ಎಲ್ಲರ ತೋಟಕ್ಕೂ ನೀರು. ಆದ್ದರಿಂದ ಚೆನ್ನಾಗಿ ಬರೆದ ಪ್ರೋಗ್ರಾಮು ಉತ್ತರ ಬಾರದಿದ್ದರೆ ಒಂದು ಸೆಕೆಂಡು ಕಾಯುತ್ತದೆ, ಆಮೇಲೆ ಎರಡು, ಆಮೇಲೆ ನಾಲ್ಕು. ಎಲ್ಲ ಫೋನುಗಳೂ ಒಂದೇ ತಾಳಕ್ಕೆ ಬಾರದಿರಲೆಂದು ಈ ಕಾಯುವಿಕೆಯಲ್ಲಿ ಬೇಕೆಂದೇ ಸ್ವಲ್ಪ ಏರುಪೇರು ಮಾಡಿರುತ್ತಾರೆ.

ಪುಸ್ತಕವೇ ಕಾಣೆಯಾದ ದಿನ

2021ರ ಅಕ್ಟೋಬರ್ 4ರ ರಾತ್ರಿ 9 ಗಂಟೆ ದಾಟಿದ ಮೇಲೆ ನಮ್ಮಲ್ಲಿ ವಾಟ್ಸ್ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ಸ್ತಬ್ಧವಾದದ್ದು ಅನೇಕರಿಗೆ ನೆನಪಿರಬಹುದು. ಆರು ಗಂಟೆಗಳ ಕಾಲ ಜಗತ್ತಿನಾದ್ಯಂತ ಅದೇ ಸ್ಥಿತಿ. ಯಂತ್ರಗಳು ಸುಟ್ಟುಹೋಗಿರಲಿಲ್ಲ, ಸಂದೇಶಗಳು ಅಳಿದಿರಲಿಲ್ಲ. ನಿರ್ವಹಣೆಯ ಒಂದು ಆಜ್ಞೆಯಿಂದ ಕಂಪನಿಯ ಒಳಗಿನ ಮುಖ್ಯ ಸಂಪರ್ಕ ಕಡಿದುಹೋಯಿತು. ಅದರ ಡಿಎನ್ಎಸ್ ಸರ್ವರುಗಳು, ಕೇಂದ್ರ ಸಿಗದಿದ್ದರೆ ತಮ್ಮಲ್ಲೇ ದೋಷವಿದೆ ಎಂದು ತಿಳಿದು ಹೊರಗಿನವರಿಗೆ ತಮ್ಮ ದಾರಿ ಹೇಳುವುದನ್ನು ನಿಲ್ಲಿಸಬೇಕೆಂಬ ನಿಯಮಕ್ಕೆ ಒಳಪಟ್ಟಿದ್ದವು. ನಿಯಮದಂತೆಯೇ ನಡೆದುಕೊಂಡವು. ಎಲ್ಲವೂ ಒಟ್ಟಿಗೆ! ಯುರೇಕಾ ತೋರುವ ಅನುಮಾನವನ್ನು ಇವು ತೋರಲಿಲ್ಲ. ದುರಸ್ತಿ ಮಾಡಬೇಕಾದ ಇಂಜಿನಿಯರುಗಳ ಸಲಕರಣೆಗಳಿಗೂ ಅದೇ ಜಾಲ ಬೇಕಾಗಿದ್ದರಿಂದ ಅವರು ಖುದ್ದಾಗಿ ಯಂತ್ರಗಳ ಬಳಿಗೇ ಹೋಗಬೇಕಾಯಿತು.

2025ರ ಅಕ್ಟೋಬರ್ 20ರಂದು ಇನ್ನೊಂದು ಪಾಠ. ಅಮೆಜಾನ್ ಕಂಪನಿ ಬಾಡಿಗೆಗೆ ಕೊಡುವ ಕಂಪ್ಯೂಟರುಗಳ ವರ್ಜೀನಿಯ ವಲಯದಲ್ಲಿ, ವಿಳಾಸ ಪುಸ್ತಕವನ್ನು ತಿದ್ದುವ ಸ್ವಯಂಚಾಲಿತ ಗುಮಾಸ್ತರು ಒಂದಕ್ಕಿಂತ ಹೆಚ್ಚಿದ್ದರು. ಒಬ್ಬ ತಡವಾಗಿ ಬಂದು ಹೊಸ ವಿಳಾಸದ ಮೇಲೆ ಹಳೆಯದನ್ನು ಬರೆದ. ಇನ್ನೊಬ್ಬ ‘ಇದು ಹಳೆಯದು’ ಎಂದು ಅಳಿಸಿದ. ಉಳಿದದ್ದು ಖಾಲಿ ಸಾಲು. ಮುಖ್ಯ ದತ್ತಾಂಶ ಸೇವೆಯೊಂದರ ವಿಳಾಸವೇ ಮಾಯವಾಗಿ, ಅದನ್ನು ನಂಬಿದ ನೂರಾರು ಸೇವೆಗಳು ಗಂಟೆಗಟ್ಟಲೆ ಕುಂಟಿದವು. ಎರಡು ಪ್ರಸಂಗಗಳಲ್ಲೂ ಮನೆ ಭದ್ರವಾಗಿತ್ತು. ಕ್ರಾಸಿನ ಅಂಗಡಿ ಬಾಗಿಲು ಹಾಕಿತ್ತು, ಅಷ್ಟೆ.

ನಮ್ಮ ಪಾಲಿಗೆ ಏನು?

2020ರ ಕೊರೋನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆಯ ಕೆಳಗೆ ಕುಳಿತು ಪಾಠ ಕೇಳಿದ್ದು ಎಲ್ಲರಿಗೂ ಗೊತ್ತು. ಆಗ ನಾವೆಲ್ಲ ಕೇಳಿದ್ದು ಟವರನ್ನು ಮಾತ್ರ. ಟವರು ಬೇಕೇ ಬೇಕು. ಆದರೆ ಅದು ಊರಿನ ರಸ್ತೆ ಇದ್ದಂತೆ. ರಸ್ತೆ ಬಂದ ಮೇಲೂ ಮೂರು ಪ್ರಶ್ನೆ ಉಳಿಯುತ್ತವೆ: ಪುಸ್ತಕ ಸರಿಯಾದ ವಿಳಾಸ ಹೇಳುತ್ತದೆಯೇ? ಆ ವಿಳಾಸ ಹತ್ತಿರದ್ದೇ? ಅಲ್ಲಿರುವ ಯಂತ್ರಕ್ಕೆ ಬಿಡುವಿದೆಯೇ? ಚಕ್ರ ತಿರುಗುತ್ತಲೇ ಇದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಬೇರೆ ಆ್ಯಪುಗಳು ಸರಾಗವಾಗಿ ನಡೆಯುತ್ತಿದ್ದು ಇದೊಂದೇ ಕೈಕೊಟ್ಟರೆ ತಪ್ಪು ಟವರಿನದಲ್ಲ ಎಂದು ತಿಳಿಯಬಹುದು. ಮತ್ತೆ ಮತ್ತೆ ಒತ್ತುವ ಬದಲು ಎರಡು ನಿಮಿಷ ಬಿಡುವುದೇ ಮದ್ದು.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಯಾವುದನ್ನು ಹತ್ತಿರದ ಪೆಟ್ಟಿಗೆಯಲ್ಲಿ ಇಡಬೇಕು ಎಂಬುದನ್ನು ನಿರ್ಧರಿಸುವುದು ಬೇಡಿಕೆ. ಕೋಟಿ ಜನ ನೋಡುವ ಪಂದ್ಯದ ಪ್ರತಿ ನಮ್ಮ ಹತ್ತಿರಕ್ಕೆ ತಾನಾಗಿ ಬರುತ್ತದೆ. ಪಕ್ಕದ ಊರಿನಲ್ಲಿ ನಡೆದ, ಅರವತ್ತೇ ಜನ ನೋಡುವ ತಾಳಮದ್ದಲೆಯ ದಾಖಲೆ ಎಲ್ಲೋ ದೂರದ ಯಂತ್ರದಲ್ಲಿ ಉಳಿದು, ಕೇಳಿದಾಗಲೊಮ್ಮೆ ಅಲ್ಲಿಂದ ಪ್ರಯಾಣ ಮಾಡಿ ಬರಬೇಕಾದೀತು. ಎರಡು ಮೈಲಿ ಆಚೆ ಹೇಳಿದ ಅರ್ಥ ಸಾವಿರ ಮೈಲಿ ಸುತ್ತಿ ಕಿವಿಗೆ ಬೀಳುತ್ತದೆ! ಇದು ಯಾರ ದ್ವೇಷವೂ ಅಲ್ಲ, ಲೆಕ್ಕದ ಸ್ವಭಾವ. ಆದರೆ ಲೆಕ್ಕದ ಸೂತ್ರ ಬರೆಯುವವರು ಮನುಷ್ಯರೇ. ಶಾಲೆಯ ಪಾಠಗಳು, ಊರಿನ ಕಲೆಗಳು, ರೈತರಿಗೆ ಬೇಕಾದ ಮಾಹಿತಿ ಇವುಗಳನ್ನು ಜಿಲ್ಲೆಯ ಮಟ್ಟದಲ್ಲೇ ಒಂದು ಯಂತ್ರದಲ್ಲಿಟ್ಟು, ಅದರ ಹೆಸರನ್ನು ದೊಡ್ಡ ಪುಸ್ತಕದಲ್ಲಿ ಸರಿಯಾಗಿ ಬರೆಸಿದರೆ, ನಮ್ಮದು ನಮಗೆ ಹತ್ತಿರದಲ್ಲೇ ಸಿಗುತ್ತದೆ. ಇದಕ್ಕೆ ಹೊಸ ವಿಜ್ಞಾನವೇನೂ ಬೇಕಿಲ್ಲ. 1984ರ ದ್ರಾಕ್ಷಿ ಬಳ್ಳಿಯ ತತ್ವವೇ ಸಾಕು.

ತರಗತಿಯಲ್ಲಿ ಹಾಜರಿ ಕೂಗುವಾಗ ‘ಇದ್ದೇನೆ ಸಾರ್’ ಎಂದು ಉತ್ತರಿಸಿದ ಹುಡುಗನೇ ಪುಸ್ತಕದ ಮಟ್ಟಿಗೆ ಬಂದವನು. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತವನು ಬಂದಿದ್ದರೂ ಗೈರುಹಾಜರಿ. ಒಳ್ಳೆಯ ಮೇಷ್ಟ್ರು ಪುಸ್ತಕದಿಂದ ತಲೆಯೆತ್ತಿ ಆ ಬೆಂಚಿನ ಕಡೆಗೂ ಒಮ್ಮೆ ನೋಡುತ್ತಾರೆ. ನಾಳಿನ ಜಾಲವನ್ನು ಕಟ್ಟುವ ನಮ್ಮ ಮಕ್ಕಳು ಕಲಿಯಬೇಕಾದ ಮುಖ್ಯ ಪಾಠವೂ ಇದೇ. ಇರುವುದು ಬೇರೆ, ಸಿಗುವುದು ಬೇರೆ. ಇವೆರಡರ ನಡುವಿನ ದಾರಿಯನ್ನು ಯಾರೋ ಒಬ್ಬರು ಕುಳಿತು ಬರೆದಿರುತ್ತಾರೆ.